'ಅಜ್ಜ ಈಗ ಎಲ್ಲಿದ್ದಾರೆ?': ಮಕ್ಕಳು ಕೂಡಿ ಕೂತು ಕೇಳುವ ದೊಡ್ಡ ಪ್ರಶ್ನೆಗಳು

ಪ್ರಶ್ನೆ: ನಾವು ದಾವಣಗೆರೆಯವರು. ಮಗಳಿಗೆ 9 ವರ್ಷ, ಮಗನಿಗೆ 6. ನಾಲ್ಕು ತಿಂಗಳ ಹಿಂದೆ ನಮ್ಮ ಮಾವ ತೀರಿಕೊಂಡರು. ಮಕ್ಕಳಿಗೆ ಅಜ್ಜ ಅಂದರೆ ಪ್ರಾಣ. ಹನ್ನೊಂದನೇ ದಿನ ಎಡೆ ಇಟ್ಟಾಗ ಕಾಗೆ ಬಂದು ಮುಟ್ಟಿತು. 'ನೋಡು, ಅಜ್ಜ ಬಂದ್ರು' ಅಂತ ಯಾರೋ ಮಗನಿಗೆ ಹೇಳಿದರು. ಅವತ್ತಿನಿಂದ ಅವನು ಶಾಲೆಯಿಂದ ಬಂದ ಕೂಡಲೇ ತಾರಸಿಗೆ ಹೋಗಿ ಕಾಗೆಗೆ ಚಕ್ಕುಲಿ ಇಡುತ್ತಾನೆ. ರಾತ್ರಿ ಲೈಟ್ ಆರಿಸಲು ಬಿಡುವುದಿಲ್ಲ. 'ಸುಟ್ಟಾಗ ಅಜ್ಜನಿಗೆ ಉರಿ ಆಗಲಿಲ್ವಾ' ಅಂತ ಒಮ್ಮೆ ಕೇಳಿದ. ಸುಮ್ಮನಿರು ಅಂದೆ. ಮತ್ತೆ ಕೇಳಲಿಲ್ಲ. ಮಗಳು ಬೇರೆ ಥರ. ಕೆಳಗಿನ ಮನೆಯ ಮುಸ್ಲಿಂ ಹುಡುಗಿ, ಎದುರು ಮನೆಯ ಕ್ರೈಸ್ತ ಹುಡುಗನ ಜೊತೆ ಸಂಜೆ ಮೆಟ್ಟಿಲ ಮೇಲೆ ಕೂತು ಇದನ್ನೇ ಮಾತಾಡುತ್ತಾಳೆ. ಸತ್ತವರು ಎಲ್ಲಿಗೆ ಹೋಗ್ತಾರೆ, ದೇವರನ್ನ ಯಾರು ಹುಟ್ಟಿಸಿದ್ದು, ಎಲ್ಲರ ದೇವರೂ ಒಬ್ಬನೇನಾ, ಇಂಥವು. ಮೊನ್ನೆ ಬಂದು 'ಅಮ್ಮ, ಅಜ್ಜ ಕಾಗೆ ಆದ್ರಾ, ನಕ್ಷತ್ರ ಆದ್ರಾ, ದೇವರ ಹತ್ರ ಇದಾರಾ? ಒಬ್ಬೊಬ್ರು ಒಂದೊಂದು ಹೇಳ್ತೀರಿ' ಅಂದಳು. ನನಗೆ ಮಾತೇ ಹೊರಡಲಿಲ್ಲ. ಅತ್ತೆ 'ದೀಪ ಹಚ್ಚೋ ಹೊತ್ತಲ್ಲಿ ಸಾವಿನ ಮಾತು ಬೇಡ, ನಾಲ್ಕು ಶ್ಲೋಕ ಕಲಿಸು' ಅಂತಾರೆ. ನನ್ನ ಗಂಡ 'ಸತ್ತ ಮೇಲೆ ಏನೂ ಇಲ್ಲ, ಇದ್ದದ್ದು ಇದ್ದ ಹಾಗೆ ಹೇಳು' ಅಂತಾರೆ. ಇಷ್ಟು ಚಿಕ್ಕ ವಯಸ್ಸಿಗೆ ಇದೆಲ್ಲ ಬೇಕಾ? ಮಕ್ಕಳು ಗೊಂದಲಕ್ಕೆ ಬೀಳ್ತಾರಾ? ನಂಬಿಕೆ ಹೋಗಿಬಿಡುತ್ತಾ? ಬೇರೆ ಧರ್ಮದ ಮಕ್ಕಳ ಜೊತೆ ಇಂಥ ಮಾತಿಗೆ ಬಿಡಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೆಚ್ಚಾಗಿ ಕೇಳಿರುವುದು ಮಗಳ ಬಗ್ಗೆ, ಆ ಮೆಟ್ಟಿಲ ಮೇಲಿನ ಮಾತಿನ ಬಗ್ಗೆ. ಅದಕ್ಕೆ ಬರುತ್ತೇನೆ. ಆದರೆ ನನಗೆ ಮೊದಲು ಮಗನ ಹತ್ತಿರ ಹೋಗಬೇಕು ಅನ್ನಿಸುತ್ತಿದೆ. 'ಸುಟ್ಟಾಗ ಅಜ್ಜನಿಗೆ ಉರಿ ಆಗಲಿಲ್ವಾ' ಎಂದು ಅವನು ಒಂದೇ ಸಲ ಕೇಳಿದ, ಮತ್ತೆ ಕೇಳಲಿಲ್ಲ ಎಂದಿದ್ದೀರಿ. ಇಪ್ಪತ್ತಕ್ಕೂ ಜಾಸ್ತಿ ವರ್ಷಗಳಿಂದ ಮಕ್ಕಳ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಮಕ್ಕಳು ತುಂಬಾ ಹೆದರಿಸುವ ಪ್ರಶ್ನೆಯನ್ನು ಹೀಗೆ ಒಂದೇ ಸಲ ಕೇಳಿ ಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಉತ್ತರ ಸಿಗದಿದ್ದರೆ ಆ ಪ್ರಶ್ನೆ ಎಲ್ಲಿಗೂ ಹೋಗಿರುವುದಿಲ್ಲ. ಹಗಲು ಸುಮ್ಮನಿದ್ದು, ರಾತ್ರಿ ಲೈಟ್ ಆರಿಸುವ ಹೊತ್ತಿಗೆ ಎದ್ದು ಬರುತ್ತದೆ.

ಇವತ್ತೇ ರಾತ್ರಿ ಅವನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಹೇಳಿ: 'ಅವತ್ತು ನೀನೊಂದು ಕೇಳಿದ್ದೆ. ನಾನು ಸುಮ್ನಿರು ಅಂದುಬಿಟ್ಟೆ, ತಪ್ಪಾಯ್ತು. ಈಗ ಹೇಳ್ತೀನಿ ಕೇಳು. ಅಜ್ಜ ಸತ್ತಾಗ ಅವರ ಮೈ ಕೆಲಸ ಮಾಡೋದು ಪೂರ್ತಿ ನಿಂತುಹೋಯ್ತು. ಎದೆ ಬಡಿಯೋದಿಲ್ಲ, ಉಸಿರಿಲ್ಲ. ಹಸಿವಿಲ್ಲ, ಚಳಿಯಿಲ್ಲ, ನೋವಿಲ್ಲ. ಅದಕ್ಕೇ ಬೆಂಕಿ ಅವರಿಗೆ ಸ್ವಲ್ಪವೂ ಗೊತ್ತಾಗಲಿಲ್ಲ.' ಒಬ್ಬ ಅಜ್ಜಿ ಇದೇ ಪ್ರಶ್ನೆಗೆ ನನ್ನೆದುರೇ ಮೊಮ್ಮಗನ ಕೈ ಹಿಡಿದು ಉಗುರು ಕತ್ತರಿಸಿದ್ದರು. ಕೆಳಗೆ ಬಿದ್ದ ತುಂಡನ್ನು ಅವನ ಅಂಗೈಯಲ್ಲಿಟ್ಟು 'ಇದನ್ನ ಚುಚ್ಚು, ನೋವಾಗುತ್ತಾ?' ಅಂದರು. ಹುಡುಗ ಚುಚ್ಚಿ ನೋಡಿದ. ಇನ್ನೊಮ್ಮೆ ಚುಚ್ಚಿ ನೋಡಿದ. ಆಮೇಲೆ ಆಟಕ್ಕೆ ಓಡಿದ. ಎಷ್ಟು ಓದಿದ್ದರೂ ನನಗೆ ಅದು ಹೊಳೆದಿರಲಿಲ್ಲ.

ಇಲ್ಲಿ ನಮ್ಮ ಮಾತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಕನ್ನಡದಲ್ಲಿ ಸಾವಿಗೆ ಎಷ್ಟೊಂದು ಮಾತುಗಳಿವೆ! ತೀರಿಕೊಂಡರು, ಹೋಗಿಬಿಟ್ಟರು, ಕಾಲವಾದರು, ದೈವಾಧೀನರಾದರು, ಶಿವನ ಪಾದ ಸೇರಿದರು, ಲಿಂಗೈಕ್ಯರಾದರು. ದೊಡ್ಡವರಿಗೆ ಇವು ಗೌರವದ ಮಾತು, ಸಮಾಧಾನದ ಮಾತು. ಆರು ವರ್ಷದ ಮಗು ಮಾತನ್ನು ಅಕ್ಷರಶಃ ತಗೊಳ್ಳುತ್ತದೆ. 'ಹೋಗಿಬಿಟ್ರು' ಅಂದರೆ 'ಯಾವಾಗ ಬರ್ತಾರೆ' ಅಂತ ಕಾಯುತ್ತದೆ. 'ಮಲಗಿಬಿಟ್ರು' ಅಂದರೆ ತಾನು ಮಲಗಲು ಹೆದರುತ್ತದೆ. 'ಒಳ್ಳೆಯವರು ಅಂತ ದೇವರು ಬೇಗ ಕರ್ಕೊಂಡ' ಎಂಬ ಮಾತು ಕೇಳಿದ್ದ ಒಬ್ಬ ಹುಡುಗಿ ನನ್ನ ಬಳಿ ಬಂದಿದ್ದಳು. ಇದ್ದಕ್ಕಿದ್ದಂತೆ ಹಟ, ಸುಳ್ಳು, ಹೊಡೆದಾಟ. ಮೂರನೇ ಭೇಟಿಯಲ್ಲಿ ಗೊತ್ತಾಯಿತು, ಅವಳು ಬೇಕಂತಲೇ ಕೆಟ್ಟವಳಾಗುತ್ತಿದ್ದಳು. ಒಳ್ಳೆಯವಳಾಗಿದ್ದರೆ ದೇವರು ಕರೆದುಕೊಂಡುಬಿಡುತ್ತಾನಲ್ಲ! ಹಾಗಾಗಿ ಮಕ್ಕಳ ಜೊತೆ 'ಸತ್ತರು' ಎಂಬ ಮಾತನ್ನೇ ಬಳಸಿ. ನಮಗೆ ಕಿವಿಗೆ ಒರಟಾಗಿ ಕೇಳುತ್ತದೆ, ಅವರಿಗೆ ಅದರಿಂದ ಗೊಂದಲ ಕಡಿಮೆಯಾಗುತ್ತದೆ.

ಈಗ ನಿಮ್ಮ ಮಗಳ ಪ್ರಶ್ನೆ. ಅವಳು ಕೇಳುತ್ತಿರುವುದು ಇವನು ಕೇಳಿದ್ದನ್ನಲ್ಲ. ಮೈಗೆ ಏನಾಯಿತು ಎಂಬುದು ನಮಗೆ ಗೊತ್ತಿದೆ. ಅದಕ್ಕೆ ಒಂದೇ ಉತ್ತರ, ಖಚಿತವಾಗಿ ಹೇಳಬಹುದು. ಅಜ್ಜ ಈಗ ಎಲ್ಲಿದ್ದಾರೆ ಎಂಬುದು ನಂಬಿಕೆಯ ಪ್ರಶ್ನೆ. ಸಾವಿರಾರು ವರ್ಷಗಳಿಂದ ಜನ ಅದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತಾ ಬಂದಿದ್ದಾರೆ. ಮನೆಯಲ್ಲಿ ಈ ಎರಡನ್ನೂ ಕಲಸಿಬಿಟ್ಟಾಗಲೇ ಮಕ್ಕಳಿಗೆ ತಲೆ ಕೆಡುವುದು. 'ಇದು ನಮಗೆ ಗೊತ್ತಿರೋದು', 'ಇದು ನಾವು ನಂಬೋದು', 'ಇದು ನಂಗೆ ಗೊತ್ತಿಲ್ಲ': ಈ ಮೂರು ಮಾತನ್ನು ನೀವು ಬೇರೆ ಬೇರೆಯಾಗಿ ಹೇಳಲು ಶುರು ಮಾಡಿ. ಒಂದು ವಾರದಲ್ಲಿ ಮಗಳ ಬಾಯಲ್ಲೂ ಅವೇ ಬರುತ್ತವೆ, ನೋಡಿ.

ಇಷ್ಟು ಚಿಕ್ಕ ವಯಸ್ಸಿಗೆ ಬೇಕಾ ಅಂದಿರಿ. ಬೇಕು ಬೇಡ ಅಂತ ತೀರ್ಮಾನಿಸಲು ನಮಗೆ ಅವಕಾಶವೇ ಸಿಗುವುದಿಲ್ಲ, ಪ್ರಶ್ನೆ ತಾನಾಗಿ ಬರುತ್ತದೆ. ಅಮೆರಿಕದ ಸಂಶೋಧಕರಾದ ಮಾರ್ಕ್ ಸ್ಪೀಸ್ ಮತ್ತು ಸ್ಯಾಂಡರ್ ಬ್ರೆಂಟ್, ಮಕ್ಕಳಿಗೆ ಸಾವು ಹೇಗೆ ಅರ್ಥವಾಗುತ್ತದೆ ಎಂಬ ಬಗ್ಗೆ ಆವರೆಗೆ ನಡೆದ ಅಧ್ಯಯನಗಳನ್ನು 1984ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಸತ್ತವರು ಮರಳಿ ಬರುವುದಿಲ್ಲ, ಸತ್ತ ಮೇಲೆ ದೇಹ ಕೆಲಸ ಮಾಡುವುದಿಲ್ಲ, ಎಲ್ಲರೂ ಒಂದು ದಿನ ಸಾಯುತ್ತಾರೆ ಎಂಬ ಮೂರು ಸಂಗತಿಗಳು ಹೆಚ್ಚಿನ ಮಕ್ಕಳಿಗೆ 5ರಿಂದ 7 ವರ್ಷದೊಳಗೆ ಅರ್ಥವಾಗುತ್ತವೆ ಎಂದು ಕಂಡುಕೊಂಡರು. ನಿಮ್ಮ ಮಗ ಸರಿಯಾಗಿ ಅದೇ ವಯಸ್ಸಿನಲ್ಲಿದ್ದಾನೆ. ಮಗಳು ಅದನ್ನು ದಾಟಿದ್ದಾಳೆ. ಎಲ್ಲರೂ ಸಾಯುತ್ತಾರೆ ಎಂದು ಗೊತ್ತಾದ ಮೇಲೆ 'ಹಾಗಾದರೆ ಇದೆಲ್ಲ ಯಾಕೆ' ಎಂಬ ಪ್ರಶ್ನೆ ಬರದೇ ಇರುತ್ತದೆಯೇ?

ಆ 'ಯಾಕೆ'ಯ ಬಗ್ಗೆಯೂ ಒಂದು ಮಾತು. ಮಕ್ಕಳ 'ಯಾಕೆ'ಯಲ್ಲಿ ಹೆಚ್ಚಾಗಿ 'ಏತಕ್ಕೋಸ್ಕರ' ಅಡಗಿರುತ್ತದೆ. ಮನಶ್ಶಾಸ್ತ್ರಜ್ಞೆ ಡೆಬೊರಾ ಕೆಲೆಮನ್ ಮಕ್ಕಳನ್ನು 'ಬಂಡೆ ಯಾಕೆ ಚೂಪಾಗಿದೆ' ಎಂದು ಕೇಳಿದಾಗ, ಮಣ್ಣು ಕಲ್ಲು ಸೇರಿ ಹಾಗಾಯಿತು ಎಂಬ ಉತ್ತರಕ್ಕಿಂತ, ಪ್ರಾಣಿಗಳು ಮೈ ತುರಿಸಿಕೊಳ್ಳಲಿ ಎಂದು ಹಾಗಿದೆ ಎಂಬಂಥ ಉತ್ತರವೇ ಅವರಿಗೆ ಹಿಡಿಸಿತು. ನಿಮ್ಮ ಯಜಮಾನರು ಹೇಳುವ 'ಸತ್ತ ಮೇಲೆ ಏನೂ ಇಲ್ಲ' ಎಂಬ ಉತ್ತರ ಮಕ್ಕಳಿಗೆ ಸಾಲದೇ ಹೋಗುವುದು ಇದಕ್ಕೇ. ಅದು ಅವರ ಪ್ರಾಮಾಣಿಕ ನಿಲುವು, ಮಕ್ಕಳಿಗೆ ಅದು ಗೊತ್ತಾಗಬೇಕು. ಆದರೆ ಆ ಒಂದು ವಾಕ್ಯಕ್ಕೆ ಮಾತು ಮುಗಿಸಿದರೆ ಮಗು ಮುಂದಿನ ಪ್ರಶ್ನೆಯನ್ನು ಬೇರೆಯವರ ಹತ್ತಿರ ಒಯ್ಯುತ್ತದೆ.

ನಂಬಿಕೆ ಹೋಗಿಬಿಡುತ್ತಾ ಎಂಬುದು ಅತ್ತೆಯವರ ಚಿಂತೆ ಅಂದುಕೊಳ್ಳುತ್ತೇನೆ. ಅವರಿಗೆ ನಚಿಕೇತನ ಕಥೆ ಗೊತ್ತಿರಬಹುದು. ಕಠೋಪನಿಷತ್ತಿನ ಹುಡುಗ. ಅಪ್ಪ ಯಾಗ ಮಾಡಿ ದಾನ ಕೊಡುತ್ತಿದ್ದ ಹಸುಗಳು ಮುದಿಯಾಗಿದ್ದವು, ಹಾಲು ಬತ್ತಿದವು. ಹುಡುಗನಿಗೆ ಅದು ಸರಿ ಕಾಣಲಿಲ್ಲ. 'ಅಪ್ಪಾ, ನನ್ನನ್ನ ಯಾರಿಗೆ ಕೊಡ್ತೀಯ' ಅಂತ ಮತ್ತೆ ಮತ್ತೆ ಕೇಳಿದ. ಅಪ್ಪ ಸಿಟ್ಟಿನಿಂದ 'ಯಮನಿಗೆ' ಅಂದ. ಹುಡುಗ ಯಮನ ಮನೆಗೇ ಹೋಗಿ ಮೂರು ರಾತ್ರಿ ಕಾದ. ಕೊನೆಯ ವರವಾಗಿ ಅವನು ಕೇಳಿದ್ದು ನಿಮ್ಮ ಮಗಳು ಕೇಳಿದ್ದನ್ನೇ. ಸತ್ತ ಮನುಷ್ಯ ಇದ್ದಾನೆ ಅಂತ ಕೆಲವರು ಹೇಳ್ತಾರೆ, ಇಲ್ಲ ಅಂತ ಕೆಲವರು ಹೇಳ್ತಾರೆ, ಯಾವುದು ನಿಜ? ಯಮ ಆನೆ, ಕುದುರೆ, ಚಿನ್ನ, ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಏನು ಬೇಕಾದರೂ ತಗೋ, ಇದೊಂದನ್ನು ಕೇಳಬೇಡ ಅಂದ. ಹುಡುಗ ಪಟ್ಟು ಬಿಡಲಿಲ್ಲ. ಆ ಹುಡುಗ ಹೀಗೆ ಯೋಚಿಸಲು ಶುರು ಮಾಡಿದ್ದಕ್ಕೆ ಉಪನಿಷತ್ತು ಕೊಡುವ ಕಾರಣ ಏನು ಗೊತ್ತಾ? ಅವನೊಳಗೆ ಶ್ರದ್ಧೆ ಹೊಕ್ಕಿತು ಅನ್ನುತ್ತದೆ. ಅತ್ತೆಯವರಿಗೆ ನಾನು ಹೇಳುವುದು ಇಷ್ಟೇ. ಪ್ರಶ್ನೆ ಕೇಳುವ ಮಗು ದೇವರಿಂದ ದೂರ ಹೋಗುತ್ತಿದೆ ಅಂತ ಅಂದುಕೊಳ್ಳಬೇಡಿ. ನಮ್ಮ ಹಿರಿಯರೇ ಹಾಗೆ ಅಂದುಕೊಂಡಿರಲಿಲ್ಲ. ನನ್ನ ಅನುಭವದಲ್ಲಿ, ದೊಡ್ಡವರಾದ ಮೇಲೆ ಮನೆಯ ದೇವರ ಬಗ್ಗೆ ಕಹಿ ಇಟ್ಟುಕೊಂಡವರು ಹೆಚ್ಚಾಗಿ ಬಾಲ್ಯದಲ್ಲಿ 'ಹಾಗೆಲ್ಲ ಕೇಳಿದ್ರೆ ದೇವರು ಕಣ್ಣು ಕುಕ್ಕುತ್ತಾನೆ' ಎಂದು ಗದರಿಸಿಕೊಂಡವರು.

ಇನ್ನು ಗೊಂದಲ. ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಇದೆ. ಪಾಲ್ ಹ್ಯಾರಿಸ್ ಮತ್ತು ಮಾರ್ತಾ ಹಿಮೆನೆಸ್ 2005ರಲ್ಲಿ ಪ್ರಕಟಿಸಿದ್ದು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ 7 ಮತ್ತು 11 ವರ್ಷದ ಮಕ್ಕಳಿಗೆ ಅಜ್ಜ-ಅಜ್ಜಿಯರ ಸಾವಿನ ಎರಡು ಕಥೆ ಹೇಳಿದರು. ಒಂದರಲ್ಲಿ ಸಾವಿನ ಸುದ್ದಿ ಹೇಳುವವರು ಡಾಕ್ಟರ್, ಇನ್ನೊಂದರಲ್ಲಿ ಪಾದ್ರಿ. ಡಾಕ್ಟರ್ ಕಥೆ ಕೇಳಿದಾಗ ಮಕ್ಕಳು ಹೆಚ್ಚಾಗಿ ಎಲ್ಲ ನಿಂತುಹೋಯಿತು ಅಂದರು. ಪಾದ್ರಿ ಕಥೆ ಕೇಳಿದಾಗ, ಅಜ್ಜಿ ಇನ್ನೂ ನೋಡ್ತಾಳೆ, ನೆನಪಿಟ್ಟುಕೊಂಡಿರ್ತಾಳೆ ಎಂಬಂಥ ಉತ್ತರಗಳು ಜಾಸ್ತಿ ಬಂದವು. ಸಣ್ಣವರಿಗಿಂತ 11ರ ಮಕ್ಕಳಲ್ಲೇ ಈ ಎರಡನೆಯ ಉತ್ತರ ಹೆಚ್ಚು. ಅಂದರೆ ಮಕ್ಕಳು ಬೆಳೆಯುತ್ತಾ ಒಂದನ್ನು ಬಿಸಾಕಿ ಇನ್ನೊಂದನ್ನು ಹಿಡಿಯುವುದಿಲ್ಲ. ನಮ್ಮ ಹಾಗೆಯೇ ಎರಡನ್ನೂ ಇಟ್ಟುಕೊಂಡು ಬದುಕುತ್ತಾರೆ. ಆಸ್ಪತ್ರೆಯಲ್ಲಿ ಡಾಕ್ಟರ್ ಮಾತು ಕೇಳಿಕೊಂಡು ಬಂದು ಮನೆಯಲ್ಲಿ ಎಡೆ ಇಡುತ್ತೇವಲ್ಲ, ಹಾಗೆ. ಬೇರೆ ಬೇರೆ ಉತ್ತರಗಳಿಂದ ಮಕ್ಕಳು ಕೆಡುವುದಿಲ್ಲ. ಉತ್ತರಗಳ ಬಗ್ಗೆ ಮನೆಯವರು ಜಗಳ ಆಡಿದರೆ, 'ಯಾರ ಪಕ್ಷ ಹಿಡಿಯಲಿ' ಎಂಬ ಸಂಕಟಕ್ಕೆ ಬೀಳುತ್ತಾರೆ. ಅಪ್ಪನ ಮಾತು ಒಪ್ಪಿದರೆ ಅಜ್ಜಿಗೆ ಬೇಜಾರು, ಅಜ್ಜಿಯ ಮಾತು ಒಪ್ಪಿದರೆ ಅಪ್ಪ ನಗುತ್ತಾರೆ. ನಿಮ್ಮ ಮಗಳ 'ಒಬ್ಬೊಬ್ರು ಒಂದೊಂದು ಹೇಳ್ತೀರಿ' ಎಂಬ ಮಾತಿನಲ್ಲಿ ನನಗೆ ಕೇಳಿಸಿದ್ದು ಅದು.

ಹಾಗಾದರೆ ಅವಳು ಮೆಟ್ಟಿಲಿಗೆ ಹೋಗಿದ್ದು ಯಾಕೆ? ಅಲ್ಲಿ ಯಾರ ಮುಖವೂ ಬಾಡುವುದಿಲ್ಲ, ಅದಕ್ಕೆ. ಮನೆಯಲ್ಲಿ ಅಜ್ಜನ ಮಾತೆತ್ತಿದರೆ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾರೆ, ಅಪ್ಪ ಎದ್ದು ಹೋಗುತ್ತಾರೆ, ನಿಮ್ಮ ಕೈ ಕೆಲಸ ನಿಲ್ಲುತ್ತದೆ. ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ನಮ್ಮನ್ನು ನೋಯಿಸಬಾರದು ಅಂತ ತಮ್ಮಷ್ಟಕ್ಕೆ ತಾವೇ ಹುಡುಕಲು ಹೊರಡುತ್ತಾರೆ. ಜೊತೆಗೆ ಗೆಳೆಯರಿದ್ದಾರೆ ಅಂದರೆ ನನಗೆ ಸಂತೋಷವೇ. ಒಬ್ಬೊಬ್ಬರೇ ಹೊತ್ತುಕೊಂಡಾಗ ಏನಾಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಏಳು ವರ್ಷದ ಹುಡುಗ. 'ದೇವರಿಗೆ ಸಿಟ್ಟು ಬರುತ್ತಾ? ಸಿಟ್ಟು ಬಂದ್ರೆ ಏನ್ಮಾಡ್ತಾನೆ?' ಇದೇ ಪ್ರಶ್ನೆ, ದಿನಕ್ಕೆ ಹತ್ತು ಸಲ. ಮನೆಯವರು ಎಷ್ಟು ಬಗೆಯಲ್ಲಿ ಉತ್ತರ ಕೊಟ್ಟರೂ ಸಮಾಧಾನವಿಲ್ಲ. ಅವನ ಜೊತೆ ಕೂತು ಬಣ್ಣ ಹಚ್ಚುತ್ತಾ ಒಂದು ದಿನ ಕೇಳಿದೆ, 'ದೇವರಿಗೆ ಯಾರ ಮೇಲೆ ಸಿಟ್ಟು ಅಂತ ನಿನಗೆ ಅನ್ನಿಸುತ್ತೆ?' ಬಣ್ಣದ ಕಡ್ಡಿ ಗಟ್ಟಿಯಾಗಿ ಒತ್ತಿದ. ಮುರಿಯಿತು. ಅಜ್ಜಿ ಸಾಯುವ ವಾರದ ಹಿಂದೆ, ಟಿವಿ ಆರಿಸಿದ್ದಕ್ಕೆ ಅವನು 'ನೀನು ಸತ್ತು ಹೋಗು' ಅಂದಿದ್ದ. ಎರಡು ತಿಂಗಳು ಆ ಮಗು ಒಬ್ಬನೇ ಅದನ್ನು ಹೊತ್ತುಕೊಂಡಿತ್ತು. ಮಾತಿನಿಂದ ಯಾರೂ ಸಾಯುವುದಿಲ್ಲ ಅಂತ ಅವನಿಗೆ ಹೇಳುವವರು ಯಾರೂ ಇರಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತೇ ಇರಲಿಲ್ಲ. ದೊಡ್ಡ ಪ್ರಶ್ನೆಯ ಕೆಳಗೆ ಒಂದು ಸಣ್ಣ, ಸ್ವಂತ ಪ್ರಶ್ನೆ ಇರಬಹುದು. 'ನಿನಗೇನು ಅನ್ನಿಸುತ್ತೆ' ಎಂದು ತಿರುಗಿ ಕೇಳುವುದು ಅದನ್ನು ಹೊರಗೆ ತರಲಿಕ್ಕೆ.

ನಿಮ್ಮ ಮುಂದೆ ಏನೇನು ದಾರಿಗಳಿವೆ ನೋಡೋಣ.

ಮಾತು ನಿಲ್ಲಿಸಿಬಿಡುವುದು ಎಲ್ಲಕ್ಕಿಂತ ಸುಲಭ. ಆದರೆ ಮಾತು ನಿಲ್ಲುವುದಿಲ್ಲ, ನಿಮ್ಮ ಕಿವಿಗೆ ಬೀಳುವುದು ನಿಲ್ಲುತ್ತದೆ, ಅಷ್ಟೇ. ಆಮೇಲೆ ಮೊಬೈಲಿನಲ್ಲಿ 'ಸತ್ತ ಮೇಲೆ ಏನಾಗುತ್ತೆ' ಅಂತ ಹುಡುಕಿದರೆ ಏನೇನು ಬರುತ್ತದೆ ಅಂತ ನಿಮಗೂ ಗೊತ್ತು.

ಅವರಷ್ಟಕ್ಕೆ ಬಿಟ್ಟುಬಿಡುವುದು ಇನ್ನೊಂದು. ಇದರಲ್ಲಿ ಒಳ್ಳೆಯದಿದೆ. ದೊಡ್ಡವರಿಲ್ಲದಾಗ ಮಕ್ಕಳು ಎಷ್ಟು ಚೆನ್ನಾಗಿ ಯೋಚಿಸುತ್ತಾರೆ ಅಂತ ನನಗೆ ಈಗಲೂ ಆಶ್ಚರ್ಯ. ಅಪಾಯವೂ ಇದೆ. ಗುಂಪಿನಲ್ಲಿ ದೊಡ್ಡ ಹುಡುಗನೊಬ್ಬ ನರಕದಲ್ಲಿ ಎಣ್ಣೆ ಕಾಯಿಸುವ ಕಥೆ ಹೇಳಿದರೆ ನಿಮ್ಮ ಆರು ವರ್ಷದವನು ಇನ್ನೊಂದು ಲೈಟ್ ಹಾಕಿಸುತ್ತಾನೆ. 'ನಿಮ್ಮ ದೇವರು ಸುಳ್ಳು' ಅಂತ ಒಂದು ಮಾತು ಬಂದರೆ ಗೆಳೆತನ ಒಡೆಯಬಹುದು.

ಶ್ಲೋಕ ಕಲಿಸುವುದನ್ನು ನಾನು ಬೇಡ ಅನ್ನುವುದಿಲ್ಲ. ಅತ್ತೆಯವರ ಜೊತೆ ಸಂಜೆ ಹತ್ತು ನಿಮಿಷ ಕೂತು ಹೇಳಿಕೊಂಡ ಶ್ಲೋಕ ಮುಂದೆ ಎಷ್ಟೋ ಕಷ್ಟಕ್ಕೆ ಆಸರೆಯಾಗುತ್ತದೆ. ಆದರೆ ಪ್ರಶ್ನೆಯ ಬಾಯಿ ಮುಚ್ಚಿಸಲು ಶ್ಲೋಕ ಬಳಸಿದರೆ ಮಗುವಿಗೆ ಎರಡರ ಮೇಲೂ ಬೇಸರ ಬರುತ್ತದೆ. ಶ್ಲೋಕವೂ ಇರಲಿ, 'ಇದರ ಅರ್ಥ ಏನಜ್ಜಿ' ಎಂದು ಕೇಳುವ ಅವಕಾಶವೂ ಇರಲಿ.

ನಾನು ಹೇಳುವುದು ನಾಲ್ಕನೆಯ ದಾರಿ. ನೀವೂ ಅವರ ಜೊತೆ ಹೋಗಿ ಕೂರಿ. ಅಮೆರಿಕದಲ್ಲಿ ಮ್ಯಾಥ್ಯೂ ಲಿಪ್ಮನ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು 1970ರ ದಶಕದಲ್ಲಿ ಮಕ್ಕಳಿಗಾಗಿ ತತ್ತ್ವಶಾಸ್ತ್ರ ಎಂಬ ಕ್ರಮವನ್ನೇ ಶಾಲೆಗಳಿಗೆ ತಂದರು. ಮಕ್ಕಳು ದುಂಡಗೆ ಕೂತು, ಒಂದು ಕಥೆ ಓದಿ, ಪ್ರಶ್ನೆಗಳನ್ನು ತಾವೇ ಹುಟ್ಟಿಸಿ, ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸುತ್ತಾ ಯೋಚಿಸುವುದು. ಇದನ್ನು ಓದುವಾಗ ನನಗೆ ನೆನಪಾಗಿದ್ದು ಕೈತುತ್ತು. ಬೇಸಿಗೆ ರಜೆಯಲ್ಲಿ ಅಜ್ಜಿ ನಡುವೆ ಕೂತು, ಸುತ್ತ ಏಳೆಂಟು ಮೊಮ್ಮಕ್ಕಳು ಅಂಗೈ ಚಾಚಿ, ಹುಳಿಯನ್ನದ ತುತ್ತು ಒಂದು ಸುತ್ತು ಬರುವಷ್ಟರಲ್ಲಿ ಒಂದು ಮಾತು ಒಂದು ಸುತ್ತು ಬರುತ್ತಿತ್ತಲ್ಲ. ನಮಗೆ ದುಂಡಗೆ ಕೂರುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ವಾರಕ್ಕೊಮ್ಮೆ ಕೈತುತ್ತು ಹಾಕಿ. ಬಾಯಲ್ಲಿ ತುತ್ತಿದ್ದಾಗ ಮಕ್ಕಳು ಇನ್ನೊಬ್ಬರ ಮಾತು ಕೇಳುತ್ತಾರೆ, ಇದು ಚಿಕ್ಕ ಲಾಭವಲ್ಲ.

ಕಳೆದ ರಜೆಯಲ್ಲಿ ನಮ್ಮ ತವರಿನಲ್ಲಿ ನಡೆದದ್ದು ಹೇಳುತ್ತೇನೆ. ಅಕ್ಕನ ಮಗ, ಹತ್ತು ವರ್ಷ, 'ದೇವರು ಕಾಣಲ್ಲ, ಹಾಗಾಗಿ ಇಲ್ಲ' ಅಂದ. ನನ್ನ ತಾಯಿ ಏನೂ ಹೇಳದೆ ಒಂದು ಲೋಟ ನೀರಿಗೆ ಕಲ್ಲುಪ್ಪು ಹಾಕಿ ಅವನ ಕೈಗೆ ಕೊಟ್ಟರು. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಋಷಿ ತನ್ನ ಮಗ ಶ್ವೇತಕೇತುವಿಗೆ ತೋರಿಸಿದ ಹಳೆಯ ಪಾಠ ಅದು. ಉಪ್ಪು ಕರಗಿದ ಮೇಲೆ ಕಾಣುವುದಿಲ್ಲ, ಆದರೆ ಎಲ್ಲಿ ನಾಲಿಗೆ ಇಟ್ಟರೂ ಇದೆ. ಮಕ್ಕಳೆಲ್ಲ ಸಾಲಾಗಿ ರುಚಿ ನೋಡಿದರು. ಕೊನೆಯಲ್ಲಿ ಕುಡಿದ ಐದು ವರ್ಷದ ಪುಟ್ಟಿ ಮುಖ ಕಿವುಚಿ 'ಕೆಳಗಡೆ ಜಾಸ್ತಿ ಉಪ್ಪು' ಅಂದಳು. ಆಮೇಲೆ ತಾನೇ ಯೋಚಿಸಿ, 'ಹಾಗಾದ್ರೆ ದೇವರು ಕೆಳಗಡೆ ಇರೋರ ಹತ್ರ ಜಾಸ್ತಿ ಇರ್ತಾನಾ?' ಅಂದಳು. ಹತ್ತು ವರ್ಷದವನು 'ಇಲ್ಲ, ನೀನು ಕದಡಿಲ್ಲ ಅದಕ್ಕೆ' ಅಂದ. 'ಯಾರು ಕದಡಬೇಕು ಮತ್ತೆ?' ಅಂತ ಇನ್ನೊಬ್ಬಳು. ಅಲ್ಲಿಂದ ಅರ್ಧ ಗಂಟೆ ಮಾತು ನಡೆಯಿತು. ನನ್ನ ತಾಯಿ ಬಾಯಿ ತೆರೆಯಲಿಲ್ಲ. ಅದನ್ನು ಮೆಚ್ಚಿಕೊಳ್ಳಬೇಕು. ಅಷ್ಟು ಚೆನ್ನಾಗಿ ಗೊತ್ತಿರುವ ಕಥೆಯನ್ನು ಹೇಳದೆ ಸುಮ್ಮನಿರುವುದು ದೊಡ್ಡವರಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಈ ದಾರಿಯ ಅಪಾಯವೂ ಅದೇ. ಜೊತೆಗೆ ಕೂತ ದೊಡ್ಡವರು ಎರಡನೇ ನಿಮಿಷಕ್ಕೆ ಪ್ರವಚನ ಶುರು ಮಾಡುತ್ತಾರೆ. ನೀವು ಕೊನೆಯಲ್ಲಿ ಮಾತಾಡಿ. ಅದೂ 'ನಾನು ನಂಬೋದು ಇದು' ಅಂತ. ಯಾರ ಮಾತಿಗೂ ಯಾರೂ ನಗಬಾರದು ಅಂತ ಮೊದಲೇ ಹೇಳಿಬಿಡಿ. ಸುಮ್ನೆ ಕೇಳಿಸಿಕೊಳ್ಳಬೇಕು ಅನ್ನುವ ಮಗುವನ್ನು ಮಾತಾಡು ಅಂತ ಒತ್ತಾಯಿಸಬೇಡಿ. ಕಾಲು ಗಂಟೆ, ಇಪ್ಪತ್ತು ನಿಮಿಷ ಸಾಕು. ಮಕ್ಕಳು ಎದ್ದು ಓಡಿದರೆ ಆ ದಿನಕ್ಕೆ ಮುಗಿಯಿತು. ಶುರುವಿಗೆ 'ದೇವರು ಇದ್ದಾನಾ ಇಲ್ವಾ' ಎಂಬ ಪ್ರಶ್ನೆ ಬೇಡ, ಅದು ಬೇಗ ಎರಡು ಗುಂಪು ಮಾಡುತ್ತದೆ. ಕನಕದಾಸರ ಬಾಳೆಹಣ್ಣಿನ ಕಥೆ ಹೇಳಿ. ಯಾರೂ ನೋಡದ ಜಾಗದಲ್ಲಿ ತಿಂದು ಬಾ ಅಂತ ಗುರುಗಳು ಕೊಟ್ಟ ಹಣ್ಣನ್ನು ಕನಕ ಮಾತ್ರ ತಿನ್ನದೆ ವಾಪಸ್ ತಂದರಂತೆ, ಅಂಥ ಜಾಗವೇ ಸಿಗಲಿಲ್ಲ ಅಂತ. ಕಥೆ ಅಲ್ಲಿಗೆ ನಿಲ್ಲಿಸಿ, 'ನೀವಾಗಿದ್ರೆ ಎಲ್ಲಿ ತಿಂತಿದ್ರಿ?' ಅಂತ ಕೇಳಿ. ಮಂಚದ ಕೆಳಗೆ, ಬಾತ್‌ರೂಮಿನಲ್ಲಿ ಅಂತೆಲ್ಲ ಶುರುವಾಗಿ ಎಲ್ಲಿಗೋ ಹೋಗುತ್ತದೆ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಪ್ರಶ್ನೋಪನಿಷತ್ತಿನಲ್ಲಿ ಆರು ಜನ ಸೇರಿ ಪಿಪ್ಪಲಾದ ಋಷಿಯ ಹತ್ತಿರ ಹೋಗುತ್ತಾರೆ. ಅವರು ಹೇಳಿದ್ದು ಇಷ್ಟು: ಒಂದು ವರ್ಷ ಇಲ್ಲಿರಿ, ಆಮೇಲೆ ಏನು ಬೇಕೋ ಕೇಳಿ, ನಮಗೆ ಗೊತ್ತಿದ್ದರೆ ಎಲ್ಲ ಹೇಳುತ್ತೇವೆ. ಗೊತ್ತಿದ್ದರೆ! ಋಷಿಯೇ ಹಾಗೆ ಹೇಳಬಹುದಾದರೆ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಾ ನೀವೂ ಹೇಳಬಹುದು. 'ನಂಗೂ ಗೊತ್ತಿಲ್ಲ ಪುಟ್ಟಾ, ನಾನೂ ಯೋಚಿಸ್ತೀನಿ, ನೀನೂ ಯೋಚಿಸು, ಭಾನುವಾರ ಮಾತಾಡೋಣ.' ಭಾನುವಾರ ಮರೆಯದೆ ಮಾತಾಡಿ.

ಪಕ್ಕದ ಮನೆಯ ಮಕ್ಕಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಆ ಎರಡೂ ಮನೆಗಳಿಗೆ ಹೋಗಿ ಮೊದಲು ಹೇಳಿಬಿಡಿ. 'ನಮ್ಮ ಮಾವ ಹೋದ ಮೇಲೆ ಮಕ್ಕಳು ಹೀಗೆಲ್ಲ ಮಾತಾಡ್ಕೊತಿದಾರೆ, ನಾನೂ ಜೊತೆಗಿರ್ತೀನಿ, ಯಾರ ನಂಬಿಕೆಗೂ ಕೈ ಹಾಕಲ್ಲ, ನಿಮಗೆ ಒಪ್ಪಿಗೆನಾ?' ಬೇಡ ಅಂದರೆ ಅದನ್ನು ಗೌರವಿಸಿ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಅದರ 14ನೇ ವಿಧಿ ಮಗುವಿಗೆ ಯೋಚನೆ, ಆತ್ಮಸಾಕ್ಷಿ, ಧರ್ಮದ ಸ್ವಾತಂತ್ರ್ಯ ಕೊಡುತ್ತದೆ. ಮಗುವಿಗೆ ದಾರಿ ತೋರಿಸುವ ಹಕ್ಕು ಅದರ ಅಪ್ಪ ಅಮ್ಮಂದಿರದು ಎಂದೂ ಹೇಳುತ್ತದೆ. ಒಪ್ಪಿದರೆ ಮಕ್ಕಳಿಗೆ ಒಂದು ಮಾತು ಕಲಿಸಿ: 'ನಮ್ಮನೇಲಿ ಹೀಗೆ ಹೇಳ್ತಾರೆ.' ಕೆಳಗಿನ ಮನೆಯ ಹುಡುಗಿ 'ನಮ್ಮನೇಲಿ ಮಣ್ಣು ಮಾಡ್ತಾರೆ, ಕಯಾಮತ್ ದಿನ ಎಲ್ಲರನ್ನೂ ಎಬ್ಬಿಸ್ತಾರೆ ಅಂತಾರೆ' ಅನ್ನಬಹುದು. ಎದುರು ಮನೆಯವನು ನವೆಂಬರ್ 2ರಂದು ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದನ್ನು ಹೇಳಬಹುದು. ನಿಮ್ಮವಳು ಎಡೆ, ಕಾಗೆ ಹೇಳುತ್ತಾಳೆ. ಮೂರೂ ಮನೆಯವರು ಸತ್ತವರನ್ನು ಮರೆತಿಲ್ಲ ಎಂಬುದು ಮಕ್ಕಳಿಗೆ ತಾವಾಗಿಯೇ ಕಾಣುತ್ತದೆ. ಅದನ್ನು ನೀವು ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ.

ಅತ್ತೆ ಮತ್ತು ನಿಮ್ಮ ಯಜಮಾನರ ಬಗ್ಗೆ ಹೇಳದೆ ಇರಲಾರೆ. ಒಬ್ಬರು ಗಂಡನನ್ನು ಕಳೆದುಕೊಂಡವರು, ಒಬ್ಬರು ಅಪ್ಪನನ್ನು. ಬರೀ ನಾಲ್ಕು ತಿಂಗಳು ಆಗಿದೆ. 'ದೀಪ ಹಚ್ಚೋ ಹೊತ್ತಲ್ಲಿ ಬೇಡ' ಎನ್ನುವುದರಲ್ಲಿ, 'ಏನೂ ಇಲ್ಲ' ಎನ್ನುವುದರಲ್ಲಿ ನನಗೆ ಸಿದ್ಧಾಂತಕ್ಕಿಂತ ನೋವೇ ಜಾಸ್ತಿ ಕೇಳಿಸುತ್ತದೆ. ಅವರ ಜೊತೆ ವಾದ ಮಾಡಬೇಡಿ. ಮಕ್ಕಳಿಲ್ಲದ ಹೊತ್ತಲ್ಲಿ, ಅವರೆಕಾಯಿ ಬಿಡಿಸುವಾಗಲೋ ಬಟ್ಟೆ ಮಡಿಸುವಾಗಲೋ, 'ಅತ್ತೆ, ಮಾವ ಈಗ ಎಲ್ಲಿದಾರೆ ಅಂತ ನಿಮಗೆ ಅನ್ನಿಸುತ್ತೆ?' ಅಂತ ಕೇಳಿ. ಅವರನ್ನು ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ. ಅವರು ಹೇಳಿದ್ದನ್ನು ಮಕ್ಕಳ ಮುಂದೆಯೂ ಹೇಳಿ ಅಂತ ಕರೆಯಿರಿ. ಯಜಮಾನರಿಗೆ, 'ಏನೂ ಇಲ್ಲ' ಎನ್ನುವ ಮುಂಚೆ ಅಪ್ಪ ತನಗೆ ಸೈಕಲ್ ಕಲಿಸಿದ್ದನ್ನೋ ಇನ್ನೇನನ್ನೋ ಮಕ್ಕಳಿಗೆ ಹೇಳಲು ಕೇಳಿಕೊಳ್ಳಿ. ನಂಬಿಕೆ ಇಲ್ಲದವರ ಮನೆಯಲ್ಲೂ ಸತ್ತವರು ಉಳಿಯುವುದು ಹಾಗೆಯೇ.

ಯಾವಾಗ ವೈದ್ಯರ ಸಹಾಯ ಬೇಕು? ಲೈಟ್ ಹಾಕಿ ಮಲಗುವುದು, ಕಾಗೆಗೆ ಚಕ್ಕುಲಿ ಇಡುವುದು ಇವಕ್ಕೆ ಗಾಬರಿ ಬೇಡ. ಆದರೆ ವಾರಗಟ್ಟಲೆ ನಿದ್ದೆ ಊಟ ಸರಿ ಇಲ್ಲದಿದ್ದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂದರೆ, 'ನನ್ನಿಂದಲೇ ಆಯ್ತು' ಅನ್ನುತ್ತಿದ್ದರೆ, ಇಷ್ಟು ಸಲ ಕೈ ಮುಗಿಯದಿದ್ದರೆ ಅಮ್ಮ ಸಾಯ್ತಾಳೆ ಎಂಬಂಥ ಲೆಕ್ಕ ಶುರುವಾಗಿದ್ದರೆ ಮಕ್ಕಳ ಮನೋವೈದ್ಯರನ್ನು ಅಥವಾ ಆಪ್ತ ಸಮಾಲೋಚಕರನ್ನು ಕಾಣಿ. 'ನಾನೂ ಅಜ್ಜನ ಹತ್ರ ಹೋಗ್ತೀನಿ' ಎಂಬ ಮಾತು ಬಂದರೆ ಬೈಯಬೇಡಿ, ಕೇಳಿಸದ ಹಾಗೆ ಇರಲೂಬೇಡಿ. 'ಹೋಗೋದು ಅಂದ್ರೆ ಹೇಗೆ?' ಅಂತ ಮೆಲ್ಲಗೆ ಕೇಳಿ. ಹೆಚ್ಚಾಗಿ ಅದು ಅಜ್ಜನ ನೆನಪು. ಆದರೂ ಮತ್ತೆ ಮತ್ತೆ ಬಂದರೆ ತಡ ಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೆ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಕೊನೆಗೆ ಆ ಕಾಗೆ. ಮುಂದೆ ಪಿತೃಪಕ್ಷ ಬರುತ್ತದೆ, ಮತ್ತೆ ಎಡೆ ಇಡುತ್ತೀರಿ. ಒಂದು ವೇಳೆ ಆ ದಿನ ಕಾಗೆ ಬರದಿದ್ದರೆ? ದೊಡ್ಡವರು ಸುತ್ತ ನಿಂತು 'ಏನೋ ಆಸೆ ಉಳಿದಿದೆ, ಅದಕ್ಕೇ ಮುಟ್ತಿಲ್ಲ' ಅಂತ ಮಾತಾಡಿಕೊಳ್ಳುವುದು ರೂಢಿ. ನಿಮ್ಮ ಮಗನ ಕಿವಿಗೆ ಅದು ಬಿದ್ದರೆ, ಅಜ್ಜನಿಗೆ ನನ್ನ ಮೇಲೆ ಸಿಟ್ಟು ಅಂದುಕೊಳ್ಳುತ್ತಾನೆ. ಹಾಗಾಗಿ ಹಿಂದಿನ ದಿನವೇ ಅವನಿಗೆ ಹೇಳಿಡಿ. 'ಕಾಗೆ ಒಂದು ಹಕ್ಕಿ. ಅದಕ್ಕೆ ಹೊಟ್ಟೆ ತುಂಬಿದ್ರೆ ಬರಲ್ಲ, ಜನ ಜಾಸ್ತಿ ಇದ್ರೆ ಹೆದರುತ್ತೆ. ಇದು ನಮಗೆ ಗೊತ್ತಿರೋದು. ಅದು ಬಂದು ತಿಂದ್ರೆ ಅಜ್ಜನಿಗೆ ತಲುಪುತ್ತೆ ಅಂತ ಅಜ್ಜಿ ನಂಬ್ತಾರೆ.' ಆಮೇಲೆ ಎಡೆಯ ಬಾಳೆಲೆ ಹಿಡಿದುಕೊಂಡು ತಾರಸಿಗೆ ಹೋಗುವ ಕೆಲಸವನ್ನು ಅವನಿಗೇ ಕೊಡಿ. ಚಕ್ಕುಲಿಯನ್ನೂ ಅವನೇ ಇಡಲಿ. ಕಾಗೆ ಬಾರದೇ ಹೋದರೆ ಹಸುವಿಗೆ ಕೊಡುವ ಪದ್ಧತಿ ಇದೆಯಲ್ಲ, ಅದಕ್ಕೂ ಅವನ ಜೊತೆ ಅಕ್ಕನೂ ಹೋಗಲಿ.